ಹೊಸ ಹಲಗೆಗೆ ಕೊಟ್ಟ ಎಣ್ಣೆ

ಕಳೆದ ತಿಂಗಳು ನಮ್ಮ ಹಿಂಬದಿಯ ಮನೆಯವರು ಹೆಂಚಿನ ಮಾಡಿನ ಮರದ ಪಕ್ಕಾಸುಗಳಿಗೆ ಗೇರೆಣ್ಣೆ ಬಳಿಸುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು. ಮರಕ್ಕೆ ಕೊಟ್ಟರೆ ಗೆದ್ದಲು ಬರುವುದಿಲ್ಲ, ಕೈಗೆ ತಾಗಿದರೆ ಚರ್ಮ ಏಳದೆ ಬಿಡುವುದಿಲ್ಲ. ವಾಸನೆ ತಡೆಯಲಾರದೆ ಕಿಟಕಿ ಮುಚ್ಚಿದೆ. ಮುಚ್ಚಿದರೆ ಹೋಗುವ ವಾಸನೆಯೇ... ಆಚಾರಿ ಮಾಮ ನೆನಪಾದರು. ನೆನಪಾಗಬಾರದು ಎಂದು ನಾನು ವರ್ಷಗಟ್ಟಲೆ ಪಟ್ಟ ಕಷ್ಟವೆಲ್ಲ ಒಂದು ಡಬ್ಬಿ ಎಣ್ಣೆಯಲ್ಲಿ ನೀರುಪಾಲಾಯಿತು.

ಅವರು ಶಿರಿಯ ಹೊಳೆಯ ಆಚೆ ದಡದವರು. ದೋಣಿ ಕಟ್ಟುವ, ಹಳೆಯ ಬೋಟುಗಳನ್ನು ಬಿಚ್ಚಿ ಸರಿಮಾಡುವ ಆಚಾರಿ. ಬಾಯಿ ಬಹಳ ಜೋರು. ಮರಕ್ಕೆ ಬೈಯುತ್ತಿದ್ದರು, ಉಳಿಗೆ ಬೈಯುತ್ತಿದ್ದರು, ನಮ್ಮ ಮನೆಯ ಚಹಾಕ್ಕೂ ಬೈದು ಎರಡು ಗ್ಲಾಸು ಕುಡಿಯುತ್ತಿದ್ದರು. ಅಳತೆಯನ್ನು ಬರೆದಿಟ್ಟುಕೊಂಡವರೇ ಅಲ್ಲ. ಎಲ್ಲವೂ ತಲೆಯಲ್ಲಿ. ಇಪ್ಪತ್ತು ವರ್ಷದ ಹಿಂದೆ ಯಾರ ದೋಣಿಯ ಎಷ್ಟನೆಯ ಹಲಗೆ ಬದಲಿಸಿದ್ದು, ಅದಕ್ಕೆ ಎಷ್ಟು ತಾಮ್ರದ ಮೊಳೆ ಹೊಡೆದದ್ದು ಎಂದು ಕೇಳಿದರೆ ಬೀಡಿ ಬಾಯಿಂದ ತೆಗೆಯದೆ ಹೇಳುತ್ತಿದ್ದರು. ಅದೇ ಅವರ ಜಂಬ. ಬೇರೆ ಆಸ್ತಿ ಎಂತದೂ ಇರಲಿಲ್ಲ.

ನನ್ನ ಅಪ್ಪನದು ಮರದ ಹಳೆಯ ಮೋಟಾರು ಬೋಟು. ಆ ವರ್ಷ ಮಳೆಗಾಲದ ರಜೆಗೆ ಅದನ್ನು ದಡಕ್ಕೆ ಎಳೆದಾಗ ಡೆಕ್ಕಿನ ಮೇಲೆ ಕಾಲಿಟ್ಟಲ್ಲಿ ಹಲಗೆ ಬಗ್ಗುತ್ತಿತ್ತು. ಆಚಾರಿ ಮಾಮ ಬಂದು ಉಳಿಯ ಹಿಡಿಯಿಂದ ಅಲ್ಲಲ್ಲಿ ಕುಟ್ಟಿ, ಕಿವಿಯಿಟ್ಟು ಕೇಳಿ, ತಲೆ ಅಲ್ಲಾಡಿಸಿದರು. ಮೀನಿನ ಪೆಟ್ಟಿಗೆಯ ಐಸು ಕರಗಿ ಇಳಿದ ನೀರು ಒಳಗೆ ನಿಂತು ಮರ ಕೊಳೆತಿತ್ತು.

“ಉಪ್ಪುನೀರು ಮರವನ್ನು ಸಾಕ್ತದೆ, ಸಿಹಿನೀರು ಕೊಲ್ತದೆ. ನೀವು ಐಸು ಹಾಕಿ ಹಾಕಿ ಕೊಂದಿದ್ದೀರಿ ಮಾರಾಯ್ರೆ” ಎಂದು ಅಪ್ಪನಿಗೆ ಬೈದರು.

ಡೆಕ್ಕು ಬಿಚ್ಚಿದಾಗ ಕೆಳಗಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಅಡ್ಡತೊಲೆಗಳ ತುದಿ ನೆನೆಸಿದ ಅವಲಕ್ಕಿಯಂತೆ ಕೈಯಲ್ಲಿ ಬಂತು. ಇಂಜಿನು ಕೂರುವ ತೊಲೆಯೂ ಅರ್ಧ ಹೋಗಿತ್ತು. ಬೋಟು ಹೋದರೆ ಅಪ್ಪ ಅರವತ್ತರ ಹತ್ತಿರದಲ್ಲಿ ಇನ್ನೊಬ್ಬರ ಬೋಟಿಗೆ ಆಳಾಗಿ ಹೋಗಬೇಕಿತ್ತು. ಸುಟ್ಟುಬಿಡಿ ಇದನ್ನು ಎಂದು ಹೇಳಿ ಹೋದ ಆಚಾರಿ ಮಾಮ ಎರಡು ದಿನ ಬಿಟ್ಟು ಹೆಬ್ಬಲಸಿನ ಮರ ಗೊತ್ತುಮಾಡಿಯೇ ಬಂದರು.

ತೆಂಗಿನ ಮಡಲಿನ ಚಪ್ಪರದ ಕೆಳಗೆ ಐದು ವಾರ ಕೆಲಸ ನಡೆಯಿತು. ಹೊಸ ತೊಲೆ, ಹೊಸ ಹಲಗೆ. ನೀರು ಇಳಿಯದ ಹಾಗೆ ಮೇಲಿಂದ ಫೈಬರ್ ಪದರ ಹಾಕಿಸಬೇಕೆಂದು ಅಪ್ಪನ ಹಟ. ಆಗ ಎಲ್ಲರೂ ಹಾಗೆಯೇ ಮಾಡಿಸುತ್ತಿದ್ದರು. ಆಚಾರಿ ಮಾಮ ಒಪ್ಪಿದರು, ಆದರೆ ನಮ್ಮಿಬ್ಬರನ್ನೂ ನಿಲ್ಲಿಸಿ ಒಂದು ಮಾತು ಹೇಳಿದರು: “ಮರ ಒಣಗಿಯೇ ಇರ್ಬೇಕು. ಎಣ್ಣೆ ಮುಟ್ಟಿಸ್ಬಾರ್ದು. ಎಣ್ಣೆ ಉಂಟಾದ್ರೆ ಫೈಬರ್ ಹಿಡಿಯುದಿಲ್ಲ.”

ಮಳೆಯಲ್ಲಿ ಮರ ಒಣಗುವುದು ಹೇಗೆ? ಅವರು ಒಡೆದ ಮಣ್ಣಿನ ಚಟ್ಟಿಗಳಲ್ಲಿ ತೆಂಗಿನ ಗೆರಟೆಯ ಕೆಂಡ ತುಂಬಿ ಡೆಕ್ಕಿನ ಕೆಳಗೆ ಇಡುತ್ತಿದ್ದರು. ಹಲಗೆ ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಕೊನೆಯ ವಾರ ಅವರ ನೆಂಟರಲ್ಲಿ ಯಾರೋ ತೀರಿಕೊಂಡು ಮೂರು ದಿನ ಹೋಗಬೇಕಾಯಿತು. ಕೆಂಡ ನೋಡಿಕೊಳ್ಳುವ ಕೆಲಸವನ್ನು ನನಗೆ ಒಪ್ಪಿಸಿದರು. ನಾನೇನೂ ಮಗುವಲ್ಲ, ಆಗ ನನಗೆ ಇಪ್ಪತ್ತಾರು. ಅಂಗನವಾಡಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳಿಕೊಡುವ ಕೆಲಸ ನನ್ನದು!

ಎರಡನೆಯ ದಿನ ಚಪ್ಪರ ಸೋರಿ ಕೆಂಡ ಆರಿತು. ನಾನು ಅಂಗನವಾಡಿಯಿಂದ ಬಂದು ನೋಡುವಾಗ ಹೊಸ ಹಲಗೆಗಳ ಅಡಿಯಲ್ಲಿ ಬಿಳಿ ಬೂಷ್ಟು. ನಮ್ಮ ಮನೆಯಲ್ಲಿ ಪ್ರತಿ ಮಳೆಗಾಲ ಬೋಟಿಗೆ ಗೇರೆಣ್ಣೆ ಕೊಡುವುದು ಹೆಂಗಸರ ಕೆಲಸ. ಅಮ್ಮ ಮಾಡುತ್ತಿದ್ದಳು, ಅವಳು ಹೋದ ಮೇಲೆ ನಾನು. ಬೂಷ್ಟು ಬಂದರೆ ಎಣ್ಣೆ, ಹುಳ ಬಂದರೆ ಎಣ್ಣೆ; ನನಗೆ ಗೊತ್ತಿದ್ದ ಮದ್ದು ಅದೊಂದೇ. ಎಣ್ಣೆ ಬೇಡ ಎಂದ ಮಾತು ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಫೈಬರ್ ಬರುವುದು ಮೇಲೆ ತಾನೇ, ಅಡಿಭಾಗಕ್ಕೆ ಕೊಟ್ಟರೆ ಏನಾದೀತು ಎಂದುಕೊಂಡೆ. ಬಗ್ಗಿ ಒಳಗೆ ನುಗ್ಗಿ ಎರಡು ಕೈ ಎಣ್ಣೆ ಕೊಟ್ಟೆ. ಆಮೇಲೆ, ಇನ್ನಷ್ಟು ಒಳ್ಳೆಯದಾಗಲಿ ಎಂದು, ಕೆಂಡವನ್ನೂ ಚೆನ್ನಾಗಿ ಹೊತ್ತಿಸಿಟ್ಟೆ. ಆ ಬಿಸಿಗೆ ಎಣ್ಣೆ ಸಂದಿಸಂದಿಯಲ್ಲಿ ಮೇಲೇರಿತು ಎಂದು ಈಗ ಗೊತ್ತು.

ಆಚಾರಿ ಮಾಮ ಮರಳಿ ಬಂದ ದಿನವೇ ಫೈಬರ್ ಹಾಕುವವರೂ ಬಂದರು. ಮಾಮ ಡೆಕ್ಕಿನ ಮೇಲೆ ಅಂಗೈ ಇಟ್ಟು ನೋಡಿದರು, ಒಣಗಿತ್ತು. ಸೊಂಟನೋವಿತ್ತು, ಕೆಳಗೆ ಇಳಿಯಲಿಲ್ಲ. ವಾಸನೆಯಿಂದ ತಿಳಿಯುವ ಹಾಗೂ ಇರಲಿಲ್ಲ. ಆ ಬೋಟಿಗೆ ಬೇರೆ ವಾಸನೆ ಯಾವತ್ತು ಇತ್ತು? ನನ್ನ ಕೈಯ ಗುಳ್ಳೆ ಕಂಡು “ಎಂತ ಆಯ್ತು ಮಗಾ?” ಎಂದು ಕೇಳಿದರು.

“ಕೆಂಡ ತಾಗಿತು” ಎಂದೆ. ಬೈಗುಳಕ್ಕೆ ಹೆದರಿ ಹೇಳಿದ ಸುಳ್ಳು, ಅಷ್ಟೇ. ಅಷ್ಟರಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಬೋಟು ನೀರಿಗಿಳಿದು ಮೂರು ತಿಂಗಳಲ್ಲಿ ಡೆಕ್ಕಿನ ಫೈಬರ್ ಹಪ್ಪಳದಂತೆ ಉಬ್ಬಿತು. ಬಿರುಕಿನಲ್ಲಿ ನೀರು ಇಳಿದು ಅಡಿಯಲ್ಲೇ ನಿಂತಿತು. ಅಪ್ಪ ಆಚಾರಿ ಮಾಮನನ್ನು ಕರೆಸಿದರು. ಅವರು ಒಂದು ತುಂಡು ಕಿತ್ತು ಮಗುಚಿ ಬೆರಳು ಒರೆಸಿದರು, ಅಂಟು ಅಂಟು. ಈ ಸಲ ಕಷ್ಟಪಟ್ಟು ಕೆಳಗೂ ಇಳಿದರು. ಮೇಲೆ ಬಂದವರ ಮುಖ ಕೆಂಪಾಗಿತ್ತು.

“ಯಾರು ಎಣ್ಣೆ ಕೊಟ್ಟದ್ದು?”

ದಡದಲ್ಲಿ ಏಳೆಂಟು ಮಂದಿ ನಿಂತಿದ್ದರು. ನಾನು ಚಹಾದ ಗ್ಲಾಸು ಹಿಡಿದು ಅಲ್ಲೇ ಇದ್ದೆ. ಅಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಒಳಗೆ ಕೆಲಸ ಮಾಡಿದ್ದು ನೀವೊಬ್ರೇ ಅಲ್ವಾ ಆಚಾರ್ರೆ?” ಎಂದರು. “ಪ್ರಾಯ ಆಯ್ತು ನಿಮಗೆ. ನಲವತ್ತು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಕೊಟ್ಟಿರ್ಬೇಕು. ನಿಮಗೆ ಮರ್ತಿರ್ಬೇಕು.”

ಅವರು ಕೂಗಾಡಿದರು. ಕೂಗಾಡುತ್ತಲೇ ನಡುವೆ ಒಮ್ಮೆ ತಮ್ಮ ಕೈಗಳನ್ನೇ ನೋಡಿಕೊಂಡರು. ನಾನು ಬಾಯಿ ಬಿಡಬೇಕಾದ ಗಳಿಗೆ ಅದು. ನಾಳೆ ಅಪ್ಪನಿಗೆ ಒಬ್ಬರಿಗೇ ಹೇಳೋಣ, ಇಷ್ಟು ಜನರೆದುರು ಬೇಡ ಎಂದುಕೊಂಡೆ. ನಾಳೆ ಹೇಳಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು.

ಊರಲ್ಲಿ ಮಾತು ಹಬ್ಬಿತು. ಆಚಾರಿಗೆ ಮರೆವು, ಎಣ್ಣೆ ಕೊಟ್ಟದ್ದೂ ನೆನಪಿಲ್ಲ. ಸಮುದ್ರಕ್ಕೆ ಹೋಗುವವರು ಅಂಥವರ ಕೈಗೆ ಬೋಟು ಕೊಡುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಮೊಳೆ ಹೊಡೆದೆ ಎಂದುಕೊಂಡು ಹೊಡೆಯದೆ ಬಿಟ್ಟರೆ? ಮುಂದಿನ ಮಳೆಗಾಲ ಅವರನ್ನು ಯಾರೂ ಕರೆಯಲಿಲ್ಲ. ನಮ್ಮ ಬೋಟಿನ ಹೊಸ ತೊಲೆಗಳೂ ಕೊಳೆತು, ಅಪ್ಪ ಆಳಾಗಿಯೇ ಹೋದರು.

ಒಂದು ಸಲ ಧೈರ್ಯ ಮಾಡಿ ಹೊಳೆ ದಾಟಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಹೆರೆಮಣೆ ಮಾಡುತ್ತಿದ್ದರು. ಪಕ್ಕದಲ್ಲಿ ಒಂದು ಚೀಟಿ, ಅದರಲ್ಲಿ ಪೆನ್ಸಿಲಿನಿಂದ ಅಳತೆ... ಹೆರೆಮಣೆಗೆ ಅಳತೆ ಬರೆದಿಟ್ಟಿದ್ದರು! ಬೈಯಲಿಲ್ಲ. ಕೂರು ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

“ಮಗಾ, ನೀನು ದಿನಾ ಅಲ್ಲಿ ಬರ್ತಿದ್ದಿ. ನಾನು ಎಣ್ಣೆ ಕೊಟ್ಟದ್ದು ಕಂಡಿದ್ದೀಯಾ?”

ಆ ಪ್ರಶ್ನೆಯಲ್ಲಿ ಮೋಸ ಇರಲಿಲ್ಲ. ನನ್ನನ್ನು ಪರೀಕ್ಷಿಸುತ್ತಿದ್ದರು ಎಂದು ನಂಬಿಕೊಂಡರೆ ನನಗೆ ಈಗ ಹಗುರ, ಆದರೆ ಅದು ನಿಜವಲ್ಲ. ಅವರಿಗೆ ತಿಳಿಯಬೇಕಿತ್ತು, ಅಷ್ಟೇ. ನಾನು “ನೆನಪಿಲ್ಲ ಮಾಮ” ಎಂದೆ.

“ನಿನಗೂ ಇಲ್ಲ” ಎಂದು ಹೇಳಿ ಅವರು ಮತ್ತೆ ಮಣೆ ಉಜ್ಜತೊಡಗಿದರು. ನಾಲ್ಕು ವರ್ಷದ ಮೇಲೆ ತೀರಿಕೊಂಡರು. ನಾನು ಶವ ನೋಡಲು ಹೋಗಲಿಲ್ಲ, ಹೋಗುವ ಮುಖ ಇರಲಿಲ್ಲ. ಅಪ್ಪನೂ ಸತ್ಯ ತಿಳಿಯದೆಯೇ ಹೋದರು.

ಮೊನ್ನೆ, ಆ ಗೇರೆಣ್ಣೆಯ ವಾಸನೆ ಇನ್ನೂ ತಲೆಯಲ್ಲಿರುವಾಗಲೇ, ಕುಂಬಳೆಯ ಬಸ್ ಸ್ಟ್ಯಾಂಡಿನಲ್ಲಿ ಆಚಾರಿ ಮಾಮನ ಹೆಂಡತಿ ಸಿಕ್ಕಿದರು. ಈಗ ಪೆರ್ಲದಲ್ಲಿ ಮಗಳ ಜೊತೆ ಇದ್ದಾರಂತೆ. ನನ್ನ ಕೈ ಹಿಡಿದು ಬೆಂಚಿನಲ್ಲಿ ಕೂರಿಸಿಕೊಂಡರು. ಗಂಡನ ಮಾತು ಅವರಾಗಿಯೇ ತೆಗೆದರು.

“ಕೊನೆಗೆ ಅವರಿಗೆ ಅವರ ಮೇಲೆಯೇ ನಂಬಿಕೆ ಇರ್ಲಿಲ್ಲ ಮಗಾ. ಬಾಗಿಲು ಹಾಕಿದ್ದೇನಾ ಅಂತ ನನ್ನತ್ರ ಕೇಳುದು. ಊಟ ಮಾಡಿದ್ದೇನಾ ಅಂತ ಕೇಳುದು.”

ಆಗ ಹೇಳಿದೆ. ಬೂಷ್ಟು, ಎಣ್ಣೆ, ಕೆಂಡ, ಜಗಲಿಯಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ನನಗೆ ಅದು ಬೇಕಿತ್ತು. ಅವರು ನನ್ನನ್ನು ನೋಡಲೇ ಇಲ್ಲ.

“ಹಾಗಾದ್ರೆ ಅವರಿಗೆ ಮರೆವು ಇರ್ಲಿಲ್ಲವಾ?”

“ಇರಲಿಲ್ಲ ಮಾಮಿ.”

“ನಾನು ದಿನಾ ಬೈತಿದ್ದೆನಲ್ಲ” ಎಂದರು. “ಮರೆಗುಳಿ ಅಂತ, ತಲೆ ಹೋಗಿದೆ ಅಂತ. ಅವರು ಹೌದು ಹೌದು ಅಂತಿದ್ರು.”

ಪೆರ್ಲದ ಬಸ್ಸು ಬಂತು. ಕಂಡಕ್ಟರು ಎರಡು ಸಲ ಕೂಗಿದ. ಅವರು ಎದ್ದೇಳಲಿಲ್ಲ.