ಮೇಲೆ ಸರಿದುಹೋದ ಸಾಲನ್ನು ಬೆನ್ನಟ್ಟುವ ಸುಗಂಧಾ

ಉಮರ್ಗಾದ ಹೊರವಲಯದ ಡೇರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ಹಾಲಿನ ಕ್ಯಾನುಗಳ ಸಪ್ಪಳ, ಒಳಗೆ ಸುಗಂಧಾ ಒಬ್ಬರೇ. ಅವರ ಮುಂದೆ ಲಿನಕ್ಸ್ ಕಂಪ್ಯೂಟರಿನ ಕಪ್ಪು ಟರ್ಮಿನಲ್ ಕಿಟಕಿ. ಅದರಲ್ಲಿ ಬಿಳಿ ಸಾಲುಗಳು ಒಂದೇ ಸಮನೆ ಮೇಲಕ್ಕೆ ಓಡುತ್ತಿವೆ. ಹಳ್ಳಿಹಳ್ಳಿಯಲ್ಲಿ ಹಾಲು ತಪಾಸಣೆ ಮಾಡುವ ಯಂತ್ರಗಳು ಕಳಿಸಿದ ವಿವರ ಅದು: ಯಾರ ಹಾಲು, ಕೊಬ್ಬು ಎಷ್ಟು, ನೀರು ಬೆರೆತಿದೆಯೋ ಇಲ್ಲವೋ. ಸುಗಂಧಾ ಆಕಳಿಸುತ್ತಾರೆ, ಕಣ್ಣುಜ್ಜಿಕೊಂಡು ಮತ್ತೆ ನೋಡುತ್ತಾರೆ.

"ಕುಂತ ಕೆಲಸ, ದಣಿವೇನದ ಅಂತಾರ ಮಂದಿ. ಒಂದಿನ ಬಂದ್ ಕೂಡ್ರಲಿ, ಗೊತ್ತಾಗ್ತದ," ಎನ್ನುತ್ತಾರೆ.

ತವರು ಆಳಂದದ ಕಡೆ, ಮದುವೆಯಾಗಿ ಗಡಿ ದಾಟಿ ಬಂದದ್ದು ಇಲ್ಲಿಗೆ. ಕಚೇರಿಯಲ್ಲಿ ಮರಾಠಿ, ಟ್ಯಾಂಕರ್ ಓಡಿಸುವ ವೈಜನಾಥನ ಜೊತೆ ಕನ್ನಡ, ಮನೆಯಲ್ಲಿ ಎರಡರ ಕಲಸುಮೇಲೋಗರ. ಮೊದಲು ಕ್ಯಾನು ತೊಳೆಯುತ್ತಿದ್ದರು. ಕಂಪ್ಯೂಟರಿನವನು ಕೆಲಸ ಬಿಟ್ಟಾಗ, ಹತ್ತನೆಯ ಇಯತ್ತೆ ಓದಿದವರೆಂದು ಇವರನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. ಹೇಳಿಕೊಟ್ಟವರು ಯಾರೂ ಇಲ್ಲ, ಎಡವಿ ಎಡವಿ ಕಲಿತದ್ದು.

ಎಡವಿದ್ದರಲ್ಲಿ ಒಂದು ಪೆಟ್ಟು ಇನ್ನೂ ಮಾಸಿಲ್ಲ. ಕಳೆದ ಮಳೆಗಾಲದ ಒಂದು ಮುಂಜಾನೆ, ಸಾಸ್ತೂರಿನ ರಂಭಾಬಾಯಿಯ ಹಾಲಿನಲ್ಲಿ ನೀರಿದೆ ಎಂದು ಕಿಟಕಿಯಲ್ಲಿ ಬಂತು. ಈ ಡೇರಿಯದೊಂದು ರೂಢಿಯಿದೆ: ನೀರು ಬೆರೆಸಿದವರ ಹೆಸರನ್ನು ಅವರ ಊರಿನ ಹಾಲಿನ ಕೇಂದ್ರದ ಹಲಗೆಯ ಮೇಲೆ ಬರೆಯುತ್ತಾರೆ, ನಾಲ್ಕು ಮಂದಿ ನೋಡಲಿ ಎಂದು. ಸುಗಂಧಾಗೆ ಏಕೋ ಅನುಮಾನ. ಮೇಲಿನ ಸಾಲು ನೋಡಲು ಶಿಫ್ಟ್ ಜೊತೆ ಪೇಜ್ ಅಪ್ ಒತ್ತುತ್ತ ಹೋದರು. ಕಿಟಕಿ ಇಟ್ಟುಕೊಳ್ಳುವುದು ಕೊನೆಯ ಕೆಲವು ಸಾಲುಗಳನ್ನಷ್ಟೇ, ಹಳೆಯವು ಆಗಲೇ ಬಿದ್ದುಹೋಗಿದ್ದವು. ಉಳಿದಷ್ಟನ್ನಾದರೂ ನಕಲು ಮಾಡಿಕೊಳ್ಳೋಣವೆಂದು ಕಂಟ್ರೋಲ್ ಸಿ ಒತ್ತಿದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಈ ಕಿಟಕಿಯದೂ ಹಾಗೇ. ಬೇರೆಲ್ಲ ಕಡೆ ನಕಲು ಮಾಡುವ ಕೀಲಿ ಇಲ್ಲಿ ನಡೆಯುತ್ತಿರುವ ಕೆಲಸವನ್ನೇ ಕೊಲ್ಲುತ್ತದೆ. ನಿಲಂಗಾ ಕಡೆಯ ಹಳ್ಳಿಗಳ ವಿವರ ನಡುವೆಯೇ ನಿಂತಿತು. ಆ ಗಡಿಬಿಡಿಯಲ್ಲಿ ಮೇಲ್ವಿಚಾರಕ ಬಾಲಾಜಿ ಕಾಯಲಿಲ್ಲ. ಸಾಸ್ತೂರಿಗೆ ಫೋನ್ ಮಾಡಿ "ಲಿಹೂನ್ ಟಾಕಾ" ಎಂದರು, ಬರೆದುಬಿಡಿ ಎಂದು.

ಮಧ್ಯಾಹ್ನ ಸುಗಂಧಾ ಬೆಳಗಿನ ವಿವರವನ್ನೇ ಮತ್ತೆ ಓಡಿಸಿದರು. ಈ ಸಲ ಸಾಲುಗಳನ್ನೆಲ್ಲ ಒಂದು ಫೈಲಿಗೆ ಸುರಿದು, ಮೊದಲಿನಿಂದ ಪುಟಪುಟವಾಗಿ ಓದಿದರು. ಎಲ್ಲೋ ಮೇಲೆ ಎಚ್ಚರಿಕೆಯ ಒಂದು ಸಾಲಿತ್ತು: ಸಾಸ್ತೂರಿನ ಯಂತ್ರದಲ್ಲಿ ತೊಳೆದ ನೀರು ಉಳಿದಿದೆ, ಮೊದಲ ತಪಾಸಣೆ ನಂಬಬೇಡಿ. ಅಂದು ಸರತಿಯಲ್ಲಿ ಮೊದಲು ನಿಂತವರೇ ರಂಭಾಬಾಯಿ.

ಮರುದಿನ ಶೇರ್ ಆಟೋ ಹಿಡಿದು ಸಾಸ್ತೂರಿಗೆ ಹೋಗಿ, ಎಲ್ಲರೆದುರೇ ಹಲಗೆಯ ಮೇಲಿನ ಹೆಸರನ್ನು ಸೆರಗಿನಿಂದ ಒರೆಸಿದರು. ಬೀದರ್ ಕಡೆಯಿಂದ ಮದುವೆಯಾಗಿ ಬಂದ ರಂಭಾಬಾಯಿ ದೂರದಲ್ಲಿ ನಿಂತು ನೋಡಿದರು.

"ಹಲಗಿ ಒರಸಿದಿ ತಂಗಿ. ಮಂದಿ ಬಾಯಿ ಹ್ಯಾಂಗ ಒರಸ್ತಿ?"

ಅಂದಿನಿಂದ ರಂಭಾಬಾಯಿ ಕೇಂದ್ರಕ್ಕೆ ಹಾಲು ಹಾಕಿಲ್ಲ.

ಈಗ ಪ್ರತಿ ಸಾಲೂ ಕಿಟಕಿಯಲ್ಲೂ ಓಡುತ್ತದೆ, ಫೈಲಿನಲ್ಲೂ ಉಳಿಯುತ್ತದೆ. ಯಾರದೇ ಹೆಸರು ಬರಲಿ, ಸುಗಂಧಾ ಮೊದಲಿನಿಂದ ಓದಿ ಮುಗಿಸದೆ ಹಲಗೆಗೆ ಬಿಡುವುದಿಲ್ಲ. ಅವರು ಹೂಂ ಎನ್ನದೆ ಟ್ಯಾಂಕರೂ ಹೊರಡುವಂತಿಲ್ಲ. ಉದಗೀರ ಮುಟ್ಟಬೇಕಾದ ವೈಜನಾಥ ಹಾರ್ನ್ ಹೊಡೆದೂ ಹೊಡೆದೂ ಬೇಸತ್ತಿದ್ದಾನೆ. ದಿನವೂ ಇದೇ ರಗಳೆ.

ಇವತ್ತು ದಾಳಿಂಬ ಎಂಬ ಊರಿನ ಚಂದ್ರಭಾಗಾ ಹೆಸರು ಬಂದಿದೆ. ಬಾಲಾಜಿ ಫೋನ್ ಹಿಡಿದೇ ನಿಂತು, ಇವರ ಕನ್ನಡದಲ್ಲೇ ಕೇಳುತ್ತಾರೆ. "ಅಕ್ಕಾ, ಬರೀಲಿಕ್ಕ ಹೇಳ್ಲೇನ್ರಿ?"

"ಜರಾ ಸಬರ್ ಮಾಡ್ರಿ."

ತುಸು ತಾಳಿ ಎಂದು ಸುಗಂಧಾ ಪುಟ ಸರಿಸುತ್ತಾರೆ. ಯಂತ್ರ ಸರಿಯಿದೆ, ಎಚ್ಚರಿಕೆಯ ಸಾಲು ಎಲ್ಲೂ ಇಲ್ಲ. ನೀರು ಬೆರೆತದ್ದು ನಿಜವೇ. "ಪೂರಾ ಓದೀನ್ರಿ. ಈಗ ಹೇಳ್ರಿ," ಎಂದು ಬೆನ್ನು ಒರಗಿಸುತ್ತಾರೆ. ಮುಖದಲ್ಲಿ ಗೆದ್ದ ಕಳೆಯೇನೂ ಇಲ್ಲ, ಸುಸ್ತು ಅಷ್ಟೇ.

ನಿಮಗೇನು ಬೇಕು ಎಂದರೆ ಹೊಸ ಕಂಪ್ಯೂಟರ್ ಕೇಳುವುದಿಲ್ಲ, ರಜೆಯನ್ನೂ ಕೇಳುವುದಿಲ್ಲ.

"ರಂಭಾಬಾಯಿ ಒಮ್ಮೆ ಬಂದ್ ಹಾಲ್ ಹಾಕ್ಲಿ. ಆಕಿ ಹೆಸರೂ ಎಲ್ಲಾರ ಹೆಸರಿನಂಗ ನೀರಿನ ಮಾತಿಲ್ಲದ ಇಲ್ಲಿ ಬಂದು, ಮ್ಯಾಲ ಸರದ್ ಹೋಗ್ಲಿ. ಅದೊಂದ್ ಸಾಲು ನಾ ಹುಡಕಲಿಕ್ಕ ಹೋಗೂದಿಲ್ಲ."