ಉಪ್ಪುಮಾಂಸದ ಬುರುಜಿನ ಕಾವಲುಗಾತಿ

ಭಾನುವಾರದ ನಸುಕು. ನಮ್ಮೂರ ಚರ್ಚಿನ ಬುರುಜಿನ ಬಾಗಿಲು ತೆರೆಯುವ ಮುನ್ನ ರೆಗೀನಾ ಶೂಸ್ಟರ್ ಬೀಗವನ್ನು ತಡವಿ ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. "ಚೀಲ ಹೊರಗಿಡಪ್ಪ. ಪೇಪರ್‌ನವ್ನಾದ್ರೇನು, ಹೊಟ್ಟೆ ಎಲ್ರಿಗೂ ಇರುತ್ತೆ."

ನಾವು ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಹಿಂದೆಂದೋ ಬಂದು ನೆಲೆಸಿದ ಜರ್ಮನರು, ಸ್ಯಾಕ್ಸನ್ನರು; ದೇವರನ್ನು ನಂಬಿದವರು, ನೆರೆಯವರನ್ನಲ್ಲ. ದಂಡು ಬರುತ್ತದೆಂಬ ಭಯಕ್ಕೆ ಹಿರಿಯರು ಚರ್ಚಿನ ಸುತ್ತ ಕೋಟೆ ಎಬ್ಬಿಸಿದರು. ಗೋಡೆ ಒಂದಾಳುದ್ದ ದಪ್ಪ, ಕಿಟಕಿ ಬಾಣ ತೂರುವಷ್ಟೇ. ಮುತ್ತಿಗೆಯಲ್ಲಿ ಉಪವಾಸ ಬೀಳಬಾರದೆಂದು ಮನೆಮನೆಯ ಉಪ್ಪು ಹಚ್ಚಿದ ಹಂದಿಮಾಂಸವನ್ನು ಈ ತಂಪು ಬುರುಜಿನಲ್ಲಿ ತೂಗುಹಾಕಿದರು. ದಂಡು ಹೋಗಿ ಶತಮಾನಗಳಾದವು. ಮಾಂಸ ಮಾತ್ರ ಇನ್ನೂ ಕೆಳಗಿಳಿದಿಲ್ಲ.

ಭಾನುವಾರ ಮಾತ್ರ ವಾರಕ್ಕಾಗುವಷ್ಟು ಕೊಯ್ದುಕೊಳ್ಳಬೇಕು. ತೂಗುವ ಮಾಂಸದ ಕೊಯ್ದ ಬದಿಗೆ ರೆಗೀನಾ ಮುದ್ರೆ ಒತ್ತುತ್ತಾರೆ. ಮುದ್ರೆ ಕಾಣದಿದ್ದರೆ ಕಳ್ಳತನವೆಂದೇ ಅರ್ಥ. "ಗೋಡೆ ಹೊರಗಿನ ಕಳ್ರಿಗೆ, ಮುದ್ರೆ ನಮ್ಮೋರಿಗೆ" ಎನ್ನುತ್ತಾರೆ. ಅತ್ತೆಯ ನಂತರ ಕೀಲಿ ಇವರ ಸೊಂಟಕ್ಕೆ ಬಂದಿದೆ. ಗಂಡನಿಲ್ಲದ ಈ ಹೆಂಗಸಿಗೆ ಕೋಟೆಯೊಳಗಿನ ಕೋಣೆಯೇ ಮನೆ. ಕೀಲಿ ಹೋದರೆ ಅದೂ ಹೋದಂತೆ.

ಊರವರೂ ಪಾದ್ರಿಗಳೂ ಬಂದು ಸೇರಿದ್ದಾರೆ. ಇವತ್ತು ಊರಿನ ಹೆರ್ಮೀನೆಯ ಮನೆಯ ಮಾಂಸದ ಮೇಲೆ ಮುದ್ರೆಯಿಲ್ಲ.

"ಕೀಲಿ ಯಾರ ಹತ್ರ ಇದೆಯೋ ಕಳ್ಳೀನೂ ಅವ್ಳೇ! ಪಾದ್ರಿಗಳೇ, ಮೊದ್ಲು ಅದನ್ನ ಕಿತ್ಕೊಳ್ಳಿ!" ಎಂದು ಹೆರ್ಮೀನೆ ಕೂಗುತ್ತಾಳೆ. ಎಲ್ಲರೂ ರೆಗೀನಾರನ್ನೇ ನೋಡುತ್ತಾರೆ. ನನ್ನ ಕಣ್ಣೂ ಅವರ ಜೇಬಿನ ಕಡೆ ಹೋಗುತ್ತದೆ.

ರೆಗೀನಾ ಮಾಂಸವನ್ನು ಬೆಳಕಿಗೆ ಹಿಡಿಯುತ್ತಾರೆ. ಕೊಯ್ದ ಗುರುತು ಓರೆಯಾಗಿದೆ, ಎಡಗೈಯವರು ಕೊಯ್ದಂತೆ. ಹೆರ್ಮೀನೆಯ ಗಂಡ ಯೋರ್ಗ್ ಎಡಚ. ಬುಧವಾರಕ್ಕೊಮ್ಮೆ ರೆಗೀನಾ ಬಾಗಿಲು ತೆಗೆದುಕೊಟ್ಟರೆ, ಬುರುಜಿನ ಗಡಿಯಾರಕ್ಕೆ ಕೀ ಕೊಡಲು ಒಬ್ಬನೇ ಮೇಲೆ ಹತ್ತುತ್ತಾನೆ. ಉಪ್ಪು, ಕೊಬ್ಬು ಮುಟ್ಟಬೇಡವೆಂದು ಡಾಕ್ಟರು ಹೇಳಿದ್ದಾರೆ. ಹೆಂಡತಿಯೋ ಡಾಕ್ಟರಿಗಿಂತ ಬಿಗಿ.

ರೆಗೀನಾ ಅವನ ಹೆಸರೆತ್ತುವುದಿಲ್ಲ. ಸೊಂಟದ ಕೀಲಿ ಬಿಚ್ಚಿ ಹೆರ್ಮೀನೆಯ ಕೈಗಿಡುತ್ತಾರೆ. "ತಗೋಳೇ. ಇನ್ಮೇಲೆ ಬುಧವಾರ ಮೇಲಿಂದ ಇಳಿಯೋರ ಜೇಬು ನೀನೇ ತಡಕು."

ಯೋರ್ಗ್‌ನ ತಲೆ ತಗ್ಗುತ್ತದೆ. "ಒಂದೇ ಚೂರು ಕಣೇ... ಬರೀ ಬೇಯ್ಸಿದ ಕೋಸು ತಿಂದೂ ತಿಂದೂ ನಾಲಿಗೆ ಸತ್ತೋಗಿತ್ತು."

ಬುರುಜೆಲ್ಲ ನಗುತ್ತದೆ. ಹೆರ್ಮೀನೆ ಕೀಲಿ ಹಿಂತಿರುಗಿಸುತ್ತಾಳೆ. ರೆಗೀನಾ ನಗುವುದಿಲ್ಲ, ಮುದ್ರೆ ಒತ್ತುತ್ತಾರೆ. ಅವರ ಜೇಬಿನ ಕಡೆ ನೋಡಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಹೊರಡುವಾಗ ನನ್ನ ಚೀಲವನ್ನೂ ಅದುಮಿ ನೋಡಿ ಬಿಡುತ್ತಾರೆ. ಮುಂದೆ ಈ ಕೀಲಿ ಯಾರಿಗೆ ಹೋಗಬೇಕೆಂದು ಕೇಳುತ್ತೇನೆ.

"ಹೆರ್ಮೀನೆಗೇ ಹೋಗ್ಲಪ್ಪ. ಇವತ್ತಿಂದ ಅವ್ಳು ಗಂಡನ್ನೂ ನಂಬೋಳಲ್ಲ."