ಕಾರಿನ ಮುಂದಿನ ಸೀಟು

ನಮ್ಮ ಮನೆಯ ಕಾರು ಕೆಟ್ಟು ನಿಂತ ದಿನ ನನಗಾದಷ್ಟು ಸಂತೋಷ ಹುಣಸೂರಿನಲ್ಲಿ ಇನ್ಯಾರಿಗೂ ಆಗಿರಲಾರದು. ಹೊಗೆಸೊಪ್ಪಿನ ವ್ಯಾಪಾರ ಮುಗಿಸಿ ಬರುವಾಗ ಸೇತುವೆ ಹತ್ತಿರ ಕರೀ ಹೊಗೆ ಕಾರಿ, ಕೆಮ್ಮಿ, ನಿಂತೇಬಿಟ್ಟಿತಂತೆ. ಎತ್ತು ಕಟ್ಟಿ ಎಳೆದು ತಂದರು. ಹಿಂದೆ ನನ್ನ ಗಂಡ ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಒರೆಸಿಕೊಳ್ಳುತ್ತಾ ನಡೆದು ಬಂದರು. ನಾನು ಬಾಗಿಲಲ್ಲಿ ನಿಂತು ‘ಅಯ್ಯೋ ಪಾಪ’ ಅಂದೆ. ಒಳಗೆ ಹೋಗಿ, ರಾತ್ರಿಗೆ ಪಾಯಸ ಮಾಡಿದರೆ ಯಾರಾದರೂ ಏನಾದರೂ ಅಂದಾರೇ ಅಂತ ಯೋಚಿಸಿದೆ.

ಅದು ಐವತ್ತರ ದಶಕದ ಮಾತು. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಕಾರು. ನಾನು ಸೊಸೆಯಾಗಿ ಬಂದ ಮೇಲೆ ಬಂದದ್ದು. ಆದರೆ ಮನೆಯಲ್ಲಿ ನನಗಿಂತ ಅದಕ್ಕೇ ಮರ್ಯಾದೆ ಹೆಚ್ಚು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ನನ್ನ ನಾದಿನಿಯನ್ನು.

ಅವಳನ್ನು ಮಿರ್ಲೆಗೆ ಕೊಟ್ಟಿದ್ದರು. ನಾಲೆ ನೀರಿನ ಗದ್ದೆ, ತುಂಬಿದ ಕಣಜ, ಯಾವುದಕ್ಕೂ ಕೊರತೆಯಿಲ್ಲ. ನಮ್ಮ ಕಡೆ ಮನೆ ಮಗಳು ತವರಿಗೆ ಬಂದರೆ ಊಟಕ್ಕೆ ಮೊದಲ ಎಲೆ ಅವಳದು, ಹೊರಡುವಾಗ ಮಡಿಲು ತುಂಬಿ ಕಳಿಸಬೇಕು. ಅದು ಸರಿ, ಹಿರಿಯರಿಂದ ನಡೆದು ಬಂದದ್ದು. ಕಾರು ಬಂದ ಮೇಲೆ ನಮ್ಮತ್ತೆ ಅದಕ್ಕೆ ತಮ್ಮದೊಂದನ್ನು ಸೇರಿಸಿದರು: ಮುಂದಿನ ಸೀಟೂ ಮನೆ ಮಗಳಿಗೆ. ಕಾರಿನ ಸೀಟಿನ ವಿಷಯ ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನಾ ಕಾಣೆ. ಹಬ್ಬ ಬಂತೆಂದರೆ ನನ್ನ ಗಂಡ ಮಿರ್ಲೆಗೆ ಹೋಗಿ ತಂಗಿಯನ್ನು ಕರೆತರುತ್ತಿದ್ದರು. ಅಣ್ಣನ ಪಕ್ಕ ಕೂತು, ಕಿಟಕಿಯ ಮೇಲೆ ಬಳೆ ತುಂಬಿದ ಕೈ ಇಟ್ಟುಕೊಂಡು ಅವಳು ಪೇಟೆ ಬೀದಿಯಲ್ಲಿ ಬರುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು. ದೇವಸ್ಥಾನಕ್ಕೆ ಹೊರಟರೆ ನಾನು ಹಿಂದೆ, ಅತ್ತೆಯ ಮತ್ತು ಮಕ್ಕಳ ನಡುವೆ, ತೊಡೆ ಮೇಲೆ ಹಣ್ಣುಕಾಯಿ ಬುಟ್ಟಿ.

ನನ್ನ ತವರು ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯ ಊರಿನಿಂದ ಸ್ವಲ್ಪ ಒಳಗಿನ ಹಳ್ಳಿ. ಆ ಕಾರು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ. ಕೇಳಿದಾಗಲೆಲ್ಲ ಗಂಡನದು ಒಂದೇ ಉತ್ತರ.

“ಆ ರಸ್ತೇಲಿ ಸ್ಪ್ರಿಂಗ್ ಪಟ್ಟಿ ಮುರ್ದೋಯ್ತದೆ ಕಣೇ. ಬಸ್ಸಲ್ಲಿ ಓಗಿದ್ದು ಬಾ.”

ತಂಗಿಯ ಊರಿನ ದಾರಿಗೆ ಯಾರೋ ಹತ್ತಿ ಹಾಸಿದ್ದರೇನೋ! ಮುಂದಿನ ಸೀಟಿನಲ್ಲಿ ಕೂತು ಹೋಗಿ ತವರಿನ ಬಾಗಿಲಲ್ಲಿ ಇಳಿಯಬೇಕು ಅನ್ನುವುದು ನನ್ನ ಆಸೆ. ದೊಡ್ಡದೇನೂ ಅಲ್ಲ. ಆದರೆ ಹಗಲೂ ರಾತ್ರಿ ಅದೇ ನನ್ನನ್ನು ಕೊರೆಯುತ್ತಿತ್ತು.

ಮೈಸೂರಿನಿಂದ ಬಂದ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ತಲೆ ಅಲ್ಲಾಡಿಸಿದ. ಇಂಜಿನ್ನು ಒಳಗೆಲ್ಲಾ ಸವೆದುಹೋಗಿದೆ, ಬಿಚ್ಚಿ ಮೈಸೂರಿಗೆ ಸಾಗಿಸಬೇಕು, ಪಿಸ್ಟನ್ನು ಮದರಾಸಿನಿಂದ ತರಿಸಬೇಕು ಅಂದ. ಅವನು ಹೇಳಿದ ಖರ್ಚಿಗೆ ಒಂದು ಜೋಡಿ ಒಳ್ಳೆ ಎತ್ತು ಬರುತ್ತಿತ್ತು. ಗಂಡನಿಗೆ ಊಟ ಸೇರದಾಯಿತು. ಬೆಳಿಗ್ಗೆ ಎದ್ದವರೇ ಕೊಟ್ಟಿಗೆಗೆ ಹೋಗಿ ಕಾರಿನ ಮೈ ಸವರಿ ಬರುತ್ತಿದ್ದರು. ನನಗೆ ಜ್ವರ ಬಂದಾಗ ಹೀಗೆ ಹಣೆ ಮುಟ್ಟಿ ನೋಡಿದ್ದು ನನಗಂತೂ ನೆನಪಿಲ್ಲ.

“ಮೂಗಿಗಿಂತ ಮೂಗುತಿ ಭಾರ ಆಯ್ತು,” ಅಂದೆ. “ಗುಜರಿಗೆ ಆಕಿ, ಎತ್ತು ತಕ್ಕಳಿ.”

“ನೀನೇಳೋದೂ ಸರೀನೇ ಕಣೇ,” ಅಂದರು. ಒಪ್ಪುವ ಹಾಗೆ ಕಂಡಿತು. ನನಗೆ ಸಿಗದ ಸೀಟು ಅವಳಿಗೂ ಇಲ್ಲ, ಅಷ್ಟು ಸಾಕಾಗಿತ್ತು ನನಗೆ. ಅಷ್ಟರಲ್ಲಿ ನಮ್ಮ ಕೋಳಿಯೊಂದು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ನಾನು ಓಡಿಸಲಿಲ್ಲ, ನುಚ್ಚು ಹಾಕಿ ಬಂದೆ.

ಸುದ್ದಿ ಮಿರ್ಲೆಗೆ ಮುಟ್ಟಿತು. ನಾದಿನಿ ಗಂಡನ ಜೊತೆ ಬಂದಿಳಿದಳು, ಸಾವಿನ ಮನೆಗೆ ಬಂದವಳ ಹಾಗೆ ಮುಖ ಮಾಡಿಕೊಂಡು. ಊಟವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಅವಳ ಗಂಡ ಮಾತು ತೆಗೆದರು.

“ಭಾವ, ನಿಮಗೆ ಬ್ಯಾಡ ಅಂದ್ರೆ ಗುಜರಿಗ್ಯಾಕೆ? ನಾನೇ ತಕ್ಕತೀನಿ. ರಿಪೇರಿ ನಾವೇ ಮಾಡುಸ್ಕತೀವಿ.”

“ನಮ್ಮನೇಲೇ ಇದ್ದಂಗಾಯ್ತದೆ ಬುಡಣ್ಣ,” ಅಂದಳು ನಾದಿನಿ. ಆಮೇಲೆ ನನ್ನ ಕಡೆ ತಿರುಗಿ, “ಅತ್ಗೆಗೂ ಅದು ಇಲ್ಲಿರೋದು ಬೇಕಿಲ್ವಲ್ಲ.”

ಉರಿಯುವ ಹೊಟ್ಟೆಗೆ ಯಾರೋ ಸೀಮೆಎಣ್ಣೆ ಸುರಿದಂತಾಯಿತು. ಹಬ್ಬಕ್ಕೆ ಬಂದಾಗ ಕೂರುತ್ತಿದ್ದವಳು ಇನ್ನು ವರ್ಷವಿಡೀ ಕೂರುತ್ತಾಳೆ! ಅದೂ ತನ್ನದೇ ಕಾರು ಅಂತ. ನಾನು ಎಲೆಯ ತಟ್ಟೆ ಕೆಳಗಿಟ್ಟೆ.

“ಕಾರು ಎಲ್ಲಿಗೂ ಓಗಾಕಿಲ್ಲ. ರಿಪೇರಿ ಮಾಡ್ಸಿ,” ಅಂದೆ.

ಗಂಡ ಕಣ್ಣು ಕಣ್ಣು ಬಿಟ್ಟರು. “ನೀನೇ ತಾನೇ ಗುಜರಿಗೆ ಆಕಿ ಅಂದಿದ್ದು?”

“ಅಂದೆ. ಈಗ ಬ್ಯಾಡ ಅಂತೀನಿ. ಎತ್ತು ಬರೋ ವರ್ಷ ತಕ್ಕಂಡ್ರಾಯ್ತು. ಆದ್ರೆ ಸರಿಯಾಗಿ ಬಂದ ಮೇಲೆ ಮೊದ್ಲು ನಮ್ಮೂರಿಗೆ ಓಗ್ಬೇಕು. ಮುಂದ್ಗಡೆ ಸೀಟ್ನಲ್ಲಿ ನಾನು.”

ಅತ್ತೆ ಒಳಗಿನಿಂದ ಕೆಮ್ಮಿದರು. ನನಗೆ ಕೇಳಿಸಲಿಲ್ಲ ಅನ್ನುವ ಹಾಗೆ ನಿಂತೆ. ಗಂಡನಿಗೂ ಒಳಗೊಳಗೆ ಅದೇ ಬೇಕಿತ್ತೋ ಏನೋ, ಹೂಂ ಅಂದುಬಿಟ್ಟರು. ನಾದಿನಿ ಅವತ್ತು ಸಂಜೆಯೇ ಹೊರಟಳು. ಮಡಿಲು ತುಂಬುವಾಗ ನಾನು ಬೊಗಸೆ ತುಂಬಾ ಅಕ್ಕಿ ಹಾಕಿದೆ, ಎಂದೂ ಅಷ್ಟು ಧಾರಾಳವಾಗಿ ಹಾಕಿದವಳಲ್ಲ.

ಇಂಜಿನ್ನು ಹೊಗೆಸೊಪ್ಪಿನ ಲಾರಿಯಲ್ಲಿ ಮೈಸೂರಿಗೆ ಹೋಗಿ, ವಾರಗಟ್ಟಲೆ ಕಾಯಿಸಿ ಬಂತು. ಕೋಳಿಯನ್ನೂ ಮರಿಗಳನ್ನೂ ಇಳಿಸಿ ಸೀಟು ತೊಳೆದವಳು ನಾನೇ.

ಹ್ಯಾಂಡ್‌ಪೋಸ್ಟ್ ದಾಟುವಾಗ ಅಂಗಡಿಗಳಲ್ಲಿ ಕೂತವರು ಎದ್ದು ನೋಡಿದರು. ಪಟ್ಟಿ ಮುರಿಯಲಿಲ್ಲ, ಏನೂ ಆಗಲಿಲ್ಲ. ತವರಿನ ಬಾಗಿಲಲ್ಲಿ ಅವ್ವ ಅತ್ತಳು, ಅಣ್ಣ ಕಾರಿನ ಸುತ್ತ ತಿರುಗಿ ತಿರುಗಿ ನೋಡಿದ. ಊಟವಾದ ಮೇಲೆ ಎಲ್ಲರೂ ಕೆರೆ ತನಕ ಒಂದು ಸುತ್ತು ಹೋಗಿಬರೋಣ ಅಂತಾಯಿತು. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಬೆಳಗಿನಿಂದ ಒಲೆ ಮುಂದೆ ಇದ್ದವರು ಕೈ ಒರೆಸಿಕೊಳ್ಳುತ್ತಾ ಕೊನೆಗೆ ಬಂದರು. ನಾನು ಹತ್ತಲು ಹೋದಾಗ ಅವರೇ ಮುಂದೆ ಬಂದು ಬಾಗಿಲು ತೆಗೆದರು.

“ತಾಳು ತಾಯಿ, ಧೂಳೈತೆ,” ಅಂದು ಸೆರಗಿನಿಂದ ಮುಂದಿನ ಸೀಟು ಒರೆಸಿದರು.

ಧೂಳೇನೂ ಇರಲಿಲ್ಲ. ಆ ತುದಿಯಿಂದ ಈ ತುದಿಗೆ, ನಿಧಾನವಾಗಿ, ಅಂಗೈ ಊರಿ ಒತ್ತಿ ಒರೆಸಿದರು. ಆಮೇಲೆ “ಕೂತ್ಕ” ಅಂದು ಹೋಗಿ ಹಿಂದೆ ಅವ್ವನ ಪಕ್ಕ ಮಕ್ಕಳನ್ನು ತೊಡೆ ಮೇಲೆ ಹಾಕಿಕೊಂಡು ಕೂತರು.

ಆಗಿನ ಕಾರುಗಳಲ್ಲಿ ಮುಂದಿನ ಸೀಟು ಉದ್ದಕ್ಕೂ ಒಂದೇ. ನಾನು ಗಂಡನ ಕಡೆ ಒಂದಿಷ್ಟು ಸರಿದರೆ ಇನ್ನೊಬ್ಬರಿಗೆ ಜಾಗವಿತ್ತು. ಗಂಡನೂ ಒಮ್ಮೆ ಸೀಟು ನೋಡಿ, ನನ್ನ ಮುಖ ನೋಡಿದರು.

ನಾನು ನೆಟ್ಟಗೆ ರಸ್ತೆ ನೋಡುತ್ತಾ, “ಓಡ್ಸಿ,” ಅಂದೆ.